ಪದ ಬೇಕು: ‘ಬಿಟರ್ನ್‌’ಗೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮೂರ ಕೆರೆ ಏರಿ ಮೇಲೆ ಹಕ್ಕಿಗಳ ಬೋರ್ಡ್ ಹಾಕುತ್ತಿದ್ದೇವೆ. ನಾಳೆ ಸಂಜೆಯೊಳಗೆ ಪೇಂಟರ್‌ಗೆ ಕೊಡಬೇಕು. ಚೆಸ್ಟ್‌ನಟ್ ಬಿಟರ್ನ್ ಒಂದು ಬಾಕಿ ಇದೆ. ಇಟ್ಟಿಗೆ ಬಣ್ಣದ ಹಕ್ಕಿ, ಜೊಂಡು ಬಿಟ್ಟು ಹೊರಗೆ ಬರುವುದೇ ಅಪರೂಪ. ಹತ್ತಿರ ಹೋದರೂ ಹಾರುವುದಿಲ್ಲ. ಕೊಕ್ಕು ಮೇಲೆತ್ತಿ, ಕತ್ತು ಚಾಚಿ, ಜೊಂಡಿನ ಜೊತೆ ಜೊಂಡಾಗಿ ನಿಂತುಬಿಡುತ್ತದೆ. ‘ಕೆಂಪು ಜೊಂಡುಕೊಕ್ಕರೆ, ಮಳೆಗಾಲದ ವಲಸೆ ಹಕ್ಕಿ’ ಎಂದು ಬರೆದಿದ್ದೇನೆ. ಸರೀನಾ?

> ಜೊಂಡುಕೊಕ್ಕರೆ

ಬೇಡ. ಕೊಕ್ಕರೆ ಬೆಳ್ಳೂರಿಗೆ ಆ ಹೆಸರು ತಂದ ಬಣ್ಣದ ಕೊಕ್ಕರೆಯ ಕುಲವೇ ಬೇರೆ. ಅದು ಕತ್ತು ಚಾಚಿ ಹಾರುತ್ತದೆ, ಬಕ ಕತ್ತು ಮಡಚಿ ಹಾರುತ್ತದೆ. ನಿಮ್ಮದು ಬಕದ ಜಾತಿ. ನಮ್ಮ ಹಕ್ಕಿ ನೋಡುವ ಗುಂಪಿನಲ್ಲಿ ‘ಕೆಂಪು ಗುಪ್ಪಿ’ ಎನ್ನುತ್ತೇವೆ. ಗುಪ್ತವಾಗಿರುವುದರಿಂದ ಗುಪ್ಪಿ.

> ಗುಪ್ತವಾಗಿರುವುದರಿಂದ ಗುಪ್ಪಿ

ಇಲ್ಲ. ಎಲ್ಲದಕ್ಕೂ ಸಂಸ್ಕೃತದ ಬೇರು ಹುಡುಕುವುದನ್ನು ಬಿಡಿ. ಗುಪ್ಪೆ ಎಂದರೆ ರಾಶಿ. ಕತ್ತು ಒಳಗೆಳೆದು ಕೂತ ಈ ಹಕ್ಕಿಯನ್ನು ಒಮ್ಮೆ ನೋಡಿ, ಗುಪ್ಪೆಯ ಹಾಗೇ ಕಾಣುತ್ತದೆ. ಬಕವೂ ಎರವಲು. ತಮಿಳಿನಲ್ಲಿ ಕೊಕ್ಕು, ತೆಲುಗಿನಲ್ಲಿ ಕೊಂಗ ಇವತ್ತಿಗೂ ಬಕಕ್ಕೇ ಬಳಕೆಯಲ್ಲಿವೆ. ನಮ್ಮ ಕೊಕ್ಕರೆಯೂ ಅದೇ ಬಳಗದ್ದು. ಅದನ್ನು ಒಂದೇ ಕುಲಕ್ಕೆ ಯಾಕೆ ಕಟ್ಟಿಹಾಕಬೇಕು?

ಇನ್ನು ‘ವಲಸೆ’ ಪದ ನಮ್ಮದೇ, ಆದರೆ ಇಲ್ಲಿ ಕೂಡುವುದಿಲ್ಲ. ಚಳಿಗಾಲಕ್ಕೆ ಉತ್ತರದಿಂದ ಬರುವ ದೊಡ್ಡ ಬಿಟರ್ನ್‌ಗೆ ಅದು ಸರಿ. ನಿಮ್ಮದು ಇಲ್ಲಿಯದೇ ಹಕ್ಕಿ. ಮಳೆ ಬಿದ್ದು ನೀರು ಹರಡಿದ ಕಡೆಗೆ ಹೋಗುತ್ತದೆ, ಅಷ್ಟೇ.

> ಬಕವೂ ಎರವಲು

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಬಾಯಿ ತೆಗೆದರೆ ‘ಬಕಧ್ಯಾನ’ ಎನ್ನುತ್ತಿದ್ದಳು. ಇಷ್ಟು ಕಾಲ ಜನರ ಬಾಯಲ್ಲಿ ಓಡಾಡಿದ ಪದವನ್ನು ಹೊರಗಿನದು ಎಂದು ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ವಲಸೆ ವಿಷಯ ಮಾತ್ರ ನೀವು ಹೇಳಿದ್ದು ಸರಿ.

ಪೇಂಟರ್ ಆಗಲೇ ಎರಡು ಸಲ ಫೋನ್ ಮಾಡಿದರು. ದಪ್ಪಕ್ಷರದಲ್ಲಿ ‘ಕೆಂಪು ಗುಪ್ಪಿ’, ಕೆಳಗೆ ‘ಜೊಂಡಿನಲ್ಲಿ ಅಡಗುವ ಬಕ. ಮಳೆಗಾಲದಲ್ಲಿ ಗದ್ದೆಬಯಲಿಗೂ ಬರುತ್ತದೆ. ಬೆಳಗಿನ ಜಾವ, ಮುಸ್ಸಂಜೆ ಜೊಂಡಿನ ಮೇಲೆ ತಗ್ಗಿನಲ್ಲಿ ಹಾರುವುದನ್ನು ಗಮನಿಸಿ’ ಎಂದು ಕೊಟ್ಟೆ. ಕೆರೆ ಬದಿಯ ಊರುಗಳಲ್ಲಿ ಇದಕ್ಕೆ ಬೇರೆ ಹೆಸರು ಕೇಳಿದವರು ದಯವಿಟ್ಟು ಬರೆಯಿರಿ. ಬೋರ್ಡಿನಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಡಿಸಿದ್ದೇನೆ.