ನಮ್ಮ ಬೆಕ್ಕು ಚಿನ್ನಿ ರಾತ್ರಿಯಿಡೀ ಕೂಗುತ್ತಿದ್ದಾಳೆ, ಹೀಟ್ ಅಂತೆ. ಆಪರೇಷನ್ ಮಾಡಿಸೋದಾ ಬೇಡವಾ?

ಪಾರು_ಮೈಸೂರು (ಭಾನುವಾರ, ಬೆಳಿಗ್ಗೆ 7:10)
ಚಿನ್ನಿಗೆ ಏಳು ತಿಂಗಳು. ನಮ್ಮದು ಮೊದಲನೇ ಮಹಡಿ, ಹೊರಗೆ ಬಿಡೋದಿಲ್ಲ. ಮೂರು ರಾತ್ರಿಯಿಂದ ಕೂಗು. ಹಸಿವಿನ ಮಿಯಾಂವ್ ಅಲ್ಲ, ಎಳೆದು ಎಳೆದು ಮಗು ಅತ್ತ ಹಾಗೆ. ಎದುರು ಮನೆಯವರು ಬಾಗಿಲು ತಟ್ಟಿ "ಪಾಪುಗೆ ಹುಷಾರಿಲ್ವಾ" ಅಂತ ಕೇಳಿದರು. ನೆಲದ ಮೇಲೆ ಹೊರಳಾಡುತ್ತಾಳೆ. ಸೋಫಾ ಕಾಲಿಗೆ, ನನ್ನ ಕಾಲಿಗೆ ಕೆನ್ನೆ ಉಜ್ಜುತ್ತಾಳೆ. ಬೆನ್ನು ಸವರಿದರೆ ಮುಂಗಾಲು ಮಡಚಿ, ಹಿಂಭಾಗ ಎತ್ತಿ, ಬಾಲ ಒಂದು ಪಕ್ಕಕ್ಕೆ ಸರಿಸಿ, ಹಿಂಗಾಲಲ್ಲಿ ನಿಂತಲ್ಲೇ ತುಳಿಯುತ್ತಾಳೆ. ಊಟ ಅರ್ಧಕ್ಕೆ ಇಳಿದಿದೆ. ಗೆಳತಿ "ಹೀಟ್" ಅಂದಳು. ಆದರೆ ರಕ್ತ ಒಂದು ಹನಿಯೂ ಇಲ್ಲವಲ್ಲ? ಮರಿ ಆಗದ ಹಾಗೆ ಆಪರೇಷನ್ ಈಗಲೇ ಮಾಡಿಸೋದಾ, ಒಂದು ಸಲ ಮರಿ ಹಾಕಿದ ಮೇಲಾ?

ಭಟ್ರು_ನಿವೃತ್ತ (7:32)
ಮಾರ್ಚ್ ಬಿಸಿಲು ನಮಗೇ ತಡೆಯೋಕಾಗುತ್ತಿಲ್ಲ. ಮೈತುಂಬ ಕೂದಲಿರೋ ಜೀವಕ್ಕೆ ಉಷ್ಣ ಆಗದೆ ಇರುತ್ತಾ? ನೀರು ಮಜ್ಜಿಗೆ ದಿನಕ್ಕೆರಡು ಸಲ ಕೊಡಿ. ಮೆಂತ್ಯ ನೆನೆಸಿದ ನೀರೂ ಒಳ್ಳೇದು. ಎರಡು ದಿನದಲ್ಲಿ ತಣ್ಣಗಾಗುತ್ತೆ. ಇದಕ್ಕೆಲ್ಲ ಆಪರೇಷನ್ ಯಾಕಮ್ಮಾ?

ಸಹನಾ_ಕ್ಲಿನಿಕ್ (7:58)
ಭಟ್ರೇ, ಈ ಹೀಟ್ ಆ ಹೀಟ್ ಅಲ್ಲ! ಬೆದೆಗೆ ಬಂದಿದೆ ಅಂತಾರಲ್ಲ, ಅದು. ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಡಾಕ್ಟರ ಸಹಾಯಕಿ. ಪಾರು ಅಕ್ಕ, ನೀವು ಬರೆದಿರೋ ಬಾಲ ಸರಿಸೋದು, ತುಳಿಯೋದು ಅದರ ಸರಿಯಾದ ಗುರುತು. ರಕ್ತ ಹೋಗೋದು ನಾಯಿಗೆ, ಬೆಕ್ಕಿಗೆ ಹೋಗೋದಿಲ್ಲ. ಬೆಕ್ಕಿನಲ್ಲಿ ರಕ್ತವೋ ವಾಸನೆಯ ಕೀವೋ ಕಂಡರೆ ಅದು ಬೆದೆ ಅಲ್ಲ, ಅವತ್ತೇ ಡಾಕ್ಟರ ಹತ್ತಿರ ಓಡಬೇಕು. ಕೂಗು ಸಾಮಾನ್ಯವಾಗಿ ಒಂದು ವಾರ ಇರುತ್ತೆ. ಗಂಡು ಸಿಗದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಶುರು. ಚಳಿದೇಶಗಳಲ್ಲಿ ಹಗಲು ಕುಗ್ಗಿದಾಗ ಇದು ನಿಲ್ಲುತ್ತೆ. ನಮ್ಮಲ್ಲಿ ಹಗಲು ಅಷ್ಟೇನೂ ಕುಗ್ಗೋದಿಲ್ಲ, ಮೇಲೆ ಮನೆಯ ಟ್ಯೂಬ್‌ಲೈಟು. ವರ್ಷಪೂರ್ತಿ ಬಂದರೂ ಆಶ್ಚರ್ಯ ಇಲ್ಲ.

ಕೊಟ್ಟಿಗೆ_ಗೌಡ (8:20)
"ಒಂದು ವಾರ ಇರುತ್ತೆ" ಅಂತೆ. ಮೂವತ್ತು ವರ್ಷ ಹಸು ಸಾಕಿದೀನಿ. ಇಪ್ಪತ್ತೊಂದು ದಿನಕ್ಕೊಂದು ಸಲ ಬೆದೆ, ಒಂದು ದಿನದೊಳಗೆ ಮುಗೀತು. ಬೆಳಿಗ್ಗೆ ಕಂಡರೆ ಸಂಜೆ ಡಾಕ್ಟರನ್ನ ಕರೆಸ್ತೀವಿ. ವಾರಗಟ್ಟಲೆ ಕೂಗಿದರೆ ಅದು ಖಾಯಿಲೆ. ಒಂದು ಸೂಲು ಆಗಲಿ ತಂಗಿ, ಕೊತ್ತಿ ತಾನಾಗೇ ಸರಿಹೋಗುತ್ತೆ.

ಮಾರ್ಜಾಲ_ಮಂಜು (8:31)
ಗೌಡ್ರೇ, ಬೆಕ್ಕು ಸಣ್ಣ ಹಸು ಅಲ್ಲ. ಅದಕ್ಕೆ ಜೋಡಿ ಆದ ಮೇಲೇ ಅಂಡ ಬಿಡುಗಡೆ ಆಗೋದು. ಜೋಡಿ ಸಿಗೋವರೆಗೂ ಕೂಗುತ್ತೆ. "ಒಂದು ಸೂಲು ಆಗಲಿ" ಅನ್ನೋದರಿಂದ ಆರೋಗ್ಯಕ್ಕೆ ಲಾಭ ಸೊನ್ನೆ. ಸೂಲಾದ ಮೇಲೂ ಬೆದೆ ಬರುತ್ತೆ, ಮರಿ ಹಾಲು ಕುಡಿಯುತ್ತಿರುವಾಗಲೇ ಬರಬಹುದು. 2005ರ ಅಮೆರಿಕದ ಅಧ್ಯಯನ ನೋಡಿ: ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರ್ ಅಪಾಯ 91% ಕಡಿಮೆ. ಮತ್ತೆ ಭಟ್ರೇ, ಬೆಕ್ಕಿಗೆ ಮಜ್ಜಿಗೆ, ಹಾಲು ಯಾವುದೂ ಕೊಡಬಾರದು. ಇಷ್ಟೂ ಗೊತ್ತಿಲ್ಲದೆ ಸಲಹೆ ಕೊಡೋಕೆ ಬರ್ತಾರೆ.

ಭಟ್ರು_ನಿವೃತ್ತ (8:40)
ಏನು, ಬೆಕ್ಕಿಗೆ ಹಾಲು ಕೊಡಬಾರದಾ?! ಪ್ರಪಂಚ ಹುಟ್ಟಿದಾಗಿನಿಂದ ಬೆಕ್ಕು ಏನು ಕುಡೀತಿತ್ತು, ಬೂಸ್ಟಾ?

ಶರಾವತಿ_ಸಾಗರ (8:44)
ನಮ್ಮ ಅಜ್ಜಿಮನೆ ಬೆಕ್ಕು ದಿನಾ ಹಾಲು ಕರೆಯುವ ಹೊತ್ತಿಗೆ ಹಾಜರಿರುತ್ತಿತ್ತು ಮಾರಾಯ್ರೆ. ಹದಿನಾಲ್ಕು ವರ್ಷ ಬದುಕಿತ್ತು. ಅದಕ್ಕೆ ಯಾರೂ ಅಮೆರಿಕದ ಅಧ್ಯಯನ ಓದಿ ಹೇಳಿರಲಿಲ್ಲ.

ಮಾರ್ಜಾಲ_ಮಂಜು (8:52)
ಹದಿನಾಲ್ಕು ವರ್ಷ ಬದುಕಿದ್ದು ಹಾಲಿನಿಂದ ಅಲ್ಲ, ಇಲಿಯಿಂದ. ಮರಿಯಿದ್ದಾಗ ತಾಯಿಹಾಲು ಅರಗಿಸುವ ಶಕ್ತಿ ಬೆಳೆದ ಮೇಲೆ ಹೆಚ್ಚಿನ ಬೆಕ್ಕುಗಳಲ್ಲಿ ಕುಗ್ಗುತ್ತೆ. ಹಾಲಿನ ಲ್ಯಾಕ್ಟೋಸ್ ಕರಗದೆ ಭೇದಿ ಆಗುತ್ತೆ. ನಿಮ್ಮ ಅಜ್ಜಿಮನೆ ಬೆಕ್ಕು ತೋಟದಲ್ಲಿ ಎಷ್ಟು ಸಲ ಭೇದಿ ಮಾಡಿತ್ತು ಅಂತ ಯಾರು ಲೆಕ್ಕ ಇಟ್ಟಿದ್ದರು?

ಕೊಟ್ಟಿಗೆ_ಗೌಡ (9:05)
ಭೇದಿ ಆಗೋದು ಪ್ಯಾಕೆಟ್ ಹಾಲಿಗೆ. ನಾಟಿ ಹಸುವಿನ ಹಾಲು ಕೊಟ್ಟು ನೋಡಿ. ಅದು ಎ2 ಹಾಲು.

ಸಹನಾ_ಕ್ಲಿನಿಕ್ (9:11)
ಗೌಡ್ರೇ, ಎ2 ಅನ್ನೋದು ಹಾಲಿನ ಪ್ರೋಟೀನಿನ ವಿಷಯ. ಲ್ಯಾಕ್ಟೋಸ್ ಎರಡರಲ್ಲೂ ಇರುತ್ತೆ. ಹಾಲು ಬಿಡಿ ಈಗ. ಪಾರು ಅಕ್ಕ, ಬೆದೆಯಲ್ಲಿದ್ದಾಗ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತೆ. ಆಗಲೂ ಆಪರೇಷನ್ ಮಾಡಬಹುದು, ಆದರೆ ಹಲವು ಡಾಕ್ಟರು ಕೂಗು ನಿಲ್ಲಲಿ ಅಂತಾರೆ. ನಿಂತ ಕೂಡಲೇ ದಿನ ಗೊತ್ತು ಮಾಡಿಕೊಳ್ಳಿ. ಅಲ್ಲೀವರೆಗೂ ಕಿಟಕಿ, ಬಾಲ್ಕನಿ ಭದ್ರ ಮಾಡಿ.

ಕೊಟ್ಟಿಗೆ_ಗೌಡ (9:19)
"ಹಾಲು ಬಿಡಿ" ಅಂತ ಹೇಳೋದು ಸುಲಭ. ಹಾಲು ಕರೆಯೋರಿಗೆ ಗೊತ್ತು ಅದರ ಬೆಲೆ.

ವಿನಯ್_ಕೆ (10:02)
ಇಷ್ಟೆಲ್ಲ ಯಾಕೆ? ಬೆದೆ ನಿಲ್ಲಿಸೋ ಇಂಜೆಕ್ಷನ್ ಬರುತ್ತೆ. ಒಂದು ಚುಚ್ಚಿಸಿದರೆ ತಿಂಗಳುಗಟ್ಟಲೆ ಆರಾಮ. ಮೈ ಬಿಸಿ ಇದ್ದರೆ ಒಂದು ಚೂರು ಪ್ಯಾರಾಸಿಟಮಾಲ್ ಕೊಡಿ.

ಸಹನಾ_ಕ್ಲಿನಿಕ್ (10:04)
ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಚೂರೂ ಬೇಡ. ಯಾರೇ ಓದುತ್ತಿದ್ದರೂ ದಯವಿಟ್ಟು ಕೊಡಬೇಡಿ.

ನಳಿನಿ_ತುಮಕೂರು (10:30)
ಆ ಇಂಜೆಕ್ಷನ್ ನಮ್ಮ ರಾಣಿಗೆ ಮೂರು ಸಲ ಕೊಡಿಸಿದ್ದೆವು. ಆಪರೇಷನ್ ಅಂದರೆ ಭಯ ಅಂತ. ಮೂರನೇದಾದ ಮೇಲೆ ನೀರು ಕುಡಿಯೋದು ಜಾಸ್ತಿ ಆಯ್ತು, ಹೊಟ್ಟೆ ಊದಿತು. ಬಸುರಿ ಅಂದುಕೊಂಡೆವು. ಗರ್ಭಕೋಶದ ತುಂಬ ಕೀವು! ರಾತ್ರೋರಾತ್ರಿ ಆಪರೇಷನ್ ಮಾಡಿಸಬೇಕಾಯ್ತು. ಉಳಿದಳು. ಆದರೆ ಆ ರಾತ್ರಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಅವಳ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಮರೆಯೋಕಾಗಲ್ಲ.

ವಿನಯ್_ಕೆ (10:41)
ನಿಮ್ಮ ಬೆಕ್ಕಿಗೆ ಆಯ್ತು ಅಂತ ಎಲ್ಲಕ್ಕೂ ಆಗಬೇಕಾ? ಆಪರೇಷನ್ನಿಗೂ ಅರಿವಳಿಕೆ ಕೊಡಬೇಕು, ಅದರಲ್ಲಿ ಅಪಾಯ ಇಲ್ವಾ?

ಮಾರ್ಜಾಲ_ಮಂಜು (10:47)
ಇದೆ. ಪಕ್ಕದ ಅಂಗಡಿಗೆ ಹೋಗಿ ಬರೋದರಲ್ಲೂ ಇದೆ. ನೀವು ಮನೇಲೇ ಕೂತಿದೀರಾ?

ಶರಾವತಿ_ಸಾಗರ (11:15)
ಈ ಮಂಜು ಎಲ್ಲರಿಗೂ ಬೈಯುವುದೇ. ಹೋಗಲಿ, ಎಮ್ಮೆ ಹಾಲಿನ ಬಗ್ಗೆ ನಿಮ್ಮ ಅಧ್ಯಯನ ಏನು ಹೇಳುತ್ತದೆ?

ನಿರ್ವಾಹಕ (11:20)
ಪ್ರಶ್ನೆ ಬೆಕ್ಕಿನ ಬೆದೆ ಮತ್ತು ಆಪರೇಷನ್ ಬಗ್ಗೆ. ಹಾಲಿನ ಜಗಳ ಇಲ್ಲಿಗೆ ಸಾಕು.

ಭಟ್ರು_ನಿವೃತ್ತ (11:22)
ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಆಯ್ತು ನಿಮ್ಮ ನಿರ್ವಹಣೆ. ಮಂಜು ನನಗೆ "ಗೊತ್ತಿಲ್ಲದೆ" ಅಂದಾಗ ಎಲ್ಲಿದ್ದಿರಿ?

ಮಾರ್ಜಾಲ_ಮಂಜು (11:26)
ತೆನಾಲಿ ರಾಮನ ಬೆಕ್ಕೇ ಜಾಣ ಬೆಕ್ಕು. ಹಾಲು ಕಂಡರೆ ಓಡುತ್ತಿತ್ತು.

ಕೊಟ್ಟಿಗೆ_ಗೌಡ (11:29)
ಅದು ಓಡಿದ್ದು ಬಾಯಿ ಸುಟ್ಟುಕೊಂಡಿದ್ದಕ್ಕೆ. ಕಥೆ ಪೂರ್ತಿ ಓದಿ ಸ್ವಾಮಿ. ನಿಮ್ಮ ಅಧ್ಯಯನಗಳನ್ನೂ ಹೀಗೇ ಅರ್ಧಂಬರ್ಧ ಓದ್ತೀರಾ? ಆರು ತಿಂಗಳೊಳಗೆ ಅಂದಿರಿ. ಈ ಕೊತ್ತಿಗೆ ಏಳು ತಿಂಗಳು. ಅಲ್ಲಿಗೆ ನಿಮ್ಮ ಲೆಕ್ಕ ಮುಗೀತು.

ಮಾರ್ಜಾಲ_ಮಂಜು (11:38)
ಮುಗಿದಿಲ್ಲ. ಒಂದು ವರ್ಷದೊಳಗೆ ಮಾಡಿಸಿದರೂ 86% ಕಡಿಮೆ. ಅದೇ ಅಧ್ಯಯನ.

ಕೊಟ್ಟಿಗೆ_ಗೌಡ (11:40)
ಬೆಳಿಗ್ಗೆ 91, ಈಗ 86. ಸಂಜೆಗೆ ಎಷ್ಟಾಗುತ್ತೋ ನೋಡೋಣ.

ಪಾರು_ಮೈಸೂರು (ಮಂಗಳವಾರ, ಬೆಳಿಗ್ಗೆ 6:50)
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಇಡೀ ರಾತ್ರಿ ಸದ್ದಿಲ್ಲ! ಊಟಾನೂ ಪೂರ್ತಿ ಮಾಡಿದಳು. ಭಟ್ ಅಂಕಲ್, ಭಾನುವಾರ ಒಂದು ಚಮಚ ಮಜ್ಜಿಗೆ ತಟ್ಟೆಗೆ ಹಾಕಿದ್ದೆ. ಮೂಸಿ ನೋಡಿದಳು. ಆಮೇಲೆ ಪಕ್ಕದ ನೆಲ ಕೆರೆದು, ಮಣ್ಣು ಮುಚ್ಚುವ ಹಾಗೆ ಮಾಡಿ ಹೋದಳು. ಐದೇ ದಿನಕ್ಕೆ ಬೆದೆ ನಿಲ್ಲುತ್ತಾ?

ಭಟ್ರು_ನಿವೃತ್ತ (6:58)
ನೋಡಿದಿರಾ! ಎರಡು ದಿನ ಅಂದಿದ್ದೆ, ಎರಡೇ ದಿನ.

ಮಾರ್ಜಾಲ_ಮಂಜು (7:01)
ಕುಡಿದೇ ಇಲ್ಲ ಅಂತ ಬರೆದಿದ್ದಾರೆ.

ಭಟ್ರು_ನಿವೃತ್ತ (7:03)
ಮೂಸಿದ್ದೇ ಸಾಕು. ಎಲ್ಲಾ ಹೊಟ್ಟೆಗೇ ಹೋಗಬೇಕು ಅಂತಿಲ್ಲ.

ಸಹನಾ_ಕ್ಲಿನಿಕ್ (7:30)
ಅಕ್ಕ, ಐದು ದಿನಕ್ಕೆ ತಾನಾಗೇ ನಿಲ್ಲಲೂಬಹುದು. ಆದರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಚಿನ್ನಿ ಎಲ್ಲಾದರೂ ಹೊರಗೆ ಹೋಗಿದ್ದಳಾ? ಜೋಡಿ ಆದ ಮೇಲೂ ಕೂಗು ಬೇಗ ನಿಲ್ಲುತ್ತೆ. ಕತ್ತಿನ ಹಿಂದೆ ಕೂದಲು ಬಿಡಿಸಿ ನೋಡಿ. ಗಡವ ಬೆಕ್ಕು ಅಲ್ಲೇ ಕಚ್ಚಿ ಹಿಡಿಯೋದು.

ಪಾರು_ಮೈಸೂರು (8:15)
ಅಯ್ಯೋ. ಕತ್ತಿನ ಹಿಂದೆ ಕೂದಲು ಅಂಟಿಕೊಂಡು ಗಟ್ಟಿಯಾಗಿದೆ, ಒಳಗೆ ಎರಡು ಸಣ್ಣ ಗಾಯದ ಗುರುತು. ಬಚ್ಚಲುಮನೆ ಗವಾಕ್ಷಿಯ ಒಂದು ಗಾಜಿನ ಪಟ್ಟಿ ಪಕ್ಕಕ್ಕೆ ಸರಿದಿದೆ. ಕೆಳಗೇ ಕಾರ್ ಶೆಡ್ಡಿನ ಶೀಟು. ಅದರ ಮೇಲೆ ಒಂದು ದಪ್ಪ ಕೆನ್ನೆಯ ಕೆಂಚು ಬೆಕ್ಕು ಈಗಲೂ ಮಲಗಿದೆ, ಯಜಮಾನನ ಹಾಗೆ.

ಶರಾವತಿ_ಸಾಗರ (8:21)
ಉಷ್ಣ ಇಳಿದದ್ದು ಹೀಗೆ. ಭಟ್ರೇ, ಮಜ್ಜಿಗೆಯ ಹೆಸರು ಕೆಂಚ ಅಂತೆ.

ಸಹನಾ_ಕ್ಲಿನಿಕ್ (8:40)
ಗಾಬರಿ ಬೇಡ ಅಕ್ಕ. ಗಾಯ ಡಾಕ್ಟರಿಗೆ ತೋರಿಸಿ, ಆಪರೇಷನ್ ದಿನವನ್ನೂ ಅವರ ಹತ್ತಿರವೇ ಮಾತಾಡಿ. ಬಸುರು ನಿಂತಿದ್ದರೆ ಮೂರು ವಾರದ ಹೊತ್ತಿಗೆ ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಮರಿ ಹಾಕೋದು ಒಂಬತ್ತು ವಾರಕ್ಕೆ. ಈಗಲೇ ಆಪರೇಷನ್ ಮಾಡಿಸೋದೂ ಸಾಧ್ಯ. ಬೇಡ ಅನ್ನಿಸಿದರೆ ಮರಿಗಳು ಹಾಲು ಬಿಟ್ಟ ಮೇಲೆ ಮಾಡಿಸಬಹುದು. ಅಲ್ಲೀವರೆಗೂ ಮತ್ತೆ ಹೊರಗೆ ಹೋಗದ ಹಾಗೆ ನೋಡ್ಕೊಳ್ಳಿ.

ಮಾರ್ಜಾಲ_ಮಂಜು (8:44)
ಈಗಲೇ ಮಾಡಿಸಿ. ಬೀದಿಯಲ್ಲಿ ಮರಿಗಳು ಕಡಿಮೆ ಇದಾವಾ?

ನಳಿನಿ_ತುಮಕೂರು (8:52)
ಏಳು ತಿಂಗಳ ಹುಡುಗಿ ಅದು. ಅದನ್ನ ಅವರೂ ಡಾಕ್ಟರೂ ಕೂತು ತೀರ್ಮಾನ ಮಾಡಲಿ ಮಂಜು. ನೀವಲ್ಲ.

ಪಾರು_ಮೈಸೂರು (9:30)
ಗುರುವಾರ ಬೆಳಿಗ್ಗೆ ಟೈಮ್ ಕೊಟ್ಟಿದ್ದಾರೆ. ಗವಾಕ್ಷಿಗೆ ಮೆಶ್ ಹೊಡೆಸೋಕೆ ಬಡಗಿ ಬರ್ತಿದ್ದಾರೆ. ಚಿನ್ನಿ ಫ್ರಿಜ್ ಮೇಲೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಮಲಗಿದ್ದಾಳೆ.

ಕೊಟ್ಟಿಗೆ_ಗೌಡ (9:41)
ಮರಿ ಆದರೆ ನಂಗೊಂದು ಇಡು ತಂಗಿ. ಕೊಟ್ಟಿಗೇಲಿ ಇಲಿ ಜಾಸ್ತಿ ಆಗಿದಾವೆ. ಹೆಣ್ಣಾದರೂ ಪರವಾಗಿಲ್ಲ.

ಮಾರ್ಜಾಲ_ಮಂಜು (9:43)
ಹಾಲು ಕೊಡೋದಿಲ್ಲ ಅಂತ ಬರೆದುಕೊಡ್ತೀರಾ?

ಕೊಟ್ಟಿಗೆ_ಗೌಡ (9:44)
ನಾಟಿ ಹಸೂದು ಮಾತ್ರ.