ಗೊತ್ತಿಲ್ಲದ ದೊಡ್ಡ ಊರಲ್ಲಿ ಒಳ್ಳೆ ಕಾಫಿ ಅಂಗಡಿ ಹುಡುಕುವುದು ಹೇಗೆ?

ಬೆಳಗಿನ_ರೈಲು
ಕೆಲಸದ ಮೇಲೆ ಮುಂದಿನ ವಾರ ಒಂದು ದೊಡ್ಡ ಊರಿಗೆ ಹೋಗುತ್ತಿದ್ದೇನೆ, ಮೂರು ದಿನ. ಯಾವ ಊರು ಅಂತ ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಎಲ್ಲರೂ ಒಂದೊಂದು ಅಂಗಡಿ ಹೆಸರು ಬರೆದು ಹೋಗುತ್ತೀರಿ. ನನಗೆ ಬೇಕಿರುವುದು ಹುಡುಕುವ ದಾರಿ. ಹೋದ ಸಲ ಬೇರೊಂದು ಊರಲ್ಲಿ ಮ್ಯಾಪ್‌ನಲ್ಲಿ 4.7 ಸ್ಟಾರ್ ಇದ್ದ ಜಾಗಕ್ಕೆ ನಲವತ್ತು ನಿಮಿಷ ನಡೆದೆ. ಗೋಡೆ ತುಂಬ ಗಿಡ, ನಿಯಾನ್ ಬೋರ್ಡು, ಆಳೆತ್ತರದ ಕನ್ನಡಿ. ಕಾಫಿ ಮಾತ್ರ ಸುಟ್ಟ ರಬ್ಬರು. ಬೆಳಿಗ್ಗೆ ಮೀಟಿಂಗ್‌ಗೆ ಮುಂಚೆ ಒಂದು, ಸಂಜೆ ಒಂದು. ಒಟ್ಟು ಆರು ಕಪ್. ಒಂದೂ ದಂಡ ಆಗಬಾರದು. ನೀವು ಹೇಗೆ ಹುಡುಕುತ್ತೀರಿ?

ಸ್ಟಾರ್_ಲೆಕ್ಕಿಗ
4.7 ಇದ್ದೂ ಕೆಟ್ಟದ್ದು ಸಿಕ್ಕಿತು ಅಂದರೆ ನೀವು ಸ್ಟಾರ್ ಎಣಿಸಿದಿರಿ, ಓದಲಿಲ್ಲ. ವಿಮರ್ಶೆಗಳನ್ನು ಹೊಸದು ಮೊದಲು ಬರುವಂತೆ ಇಟ್ಟುಕೊಳ್ಳಿ. ಆಮೇಲೆ ಅದರೊಳಗೆ "ಎಸ್ಪ್ರೆಸೊ" (ಯಂತ್ರದ ಒತ್ತಡದಲ್ಲಿ ಇಳಿಸಿದ ಗಟ್ಟಿ ಕಾಫಿ), "ಕಹಿ", "ಹುಳಿ", "ರೋಸ್ಟ್" ಅಂತ ಹುಡುಕಿ. ನೂರು ಜನ ಬರೆದಿದ್ದರೂ ಕಾಫಿ ಬಗ್ಗೆ ಬರೆದವರು ಐದೇ ಜನ ಇರುತ್ತಾರೆ, ಉಳಿದವರದೆಲ್ಲ ಕೇಕು, ವೈಫೈ, ಪಾರ್ಕಿಂಗ್. ಆ ಐದು ಜನರ ಮಾತು ಸಾಕು. ಫೋಟೋದಲ್ಲೂ ಕಪ್ ನೋಡಬೇಡಿ, ಕೌಂಟರ್ ಕಾಣುವ ಫೋಟೋ ಹುಡುಕಿ. ಕಪ್ ಮೇಲೆ ದಪ್ಪ ನೊರೆ ಇದ್ದರೆ ಅದೂ ಒಳ್ಳೆ ಲಕ್ಷಣವೇ ಅನ್ನಿ.

ನಡೆದಾಡಿ
ಫೋಟೋ, ವಿಮರ್ಶೆ ಎಲ್ಲ ಯಾಕೆ? ಬಾಗಿಲಲ್ಲಿ ಎರಡು ನಿಮಿಷ ನಿಂತರೆ ಸಾಕು. ಹಾಲು ಕಾಯಿಸುವ ಸ್ಟೀಮ್ ಪೈಪು ನೋಡಿ. ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಪುಸ್ ಅಂತ ಒಂದು ಸಲ ಹಬೆ ಬಿಟ್ಟರೆ ಒಳಗೆ ಹೋಗಿ. ಹಾಲು ಒಣಗಿ ತುದಿಯಲ್ಲಿ ಹಳದಿ ಹೆಕ್ಕಳೆ ಕಟ್ಟಿದ್ದರೆ ಹೋಗಲೇಬೇಡಿ, ನಿನ್ನೆಯ ಹಾಲು ಇವತ್ತು ನಿಮ್ಮ ಕಪ್‌ಗೆ ಬರುತ್ತದೆ. ಆಮೇಲೆ ಗ್ರೈಂಡರ್ ತಲೆ ಮೇಲಿನ ಡಬ್ಬದಲ್ಲಿರುವ ಬೀಜ. ಎಣ್ಣೆ ಬಿಟ್ಟು ಮಿರಿಮಿರಿ ಹೊಳೆಯುತ್ತಿದ್ದರೆ ಅದು ಹಳೇ ಬೀಜ. ತಿರುಗಿ ನಡೆಯಿರಿ.

ಹುರಿಗಾರ
"ಹೊಳೆಯುತ್ತಿದ್ದರೆ ಅದು ಹಳೇ ಬೀಜ" ಅಂತ ಯಾರು ಹೇಳಿದ್ದು ಸ್ವಾಮಿ? ಆರು ವರ್ಷದಿಂದ ಬೀಜ ಹುರಿಯುತ್ತಿದ್ದೇನೆ. ಹುರಿಯುವಾಗ ಬೀಜ ಎರಡು ಸಲ ಸಿಡಿಯುತ್ತದೆ. ಮೊದಲನೆಯದು ಸುಮಾರು 196 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜೋಳ ಸಿಡಿದ ಹಾಗೆ ಜೋರು ಶಬ್ದ. ಎರಡನೆಯದು ಸುಮಾರು 225ರ ಹತ್ತಿರ, ಚಿಟಪಟ ಅಂತ ಸಣ್ಣಗೆ. ಎರಡನೇ ಸಿಡಿತ ದಾಟಿದರೆ ಬೀಜದ ಒಳಗೋಡೆ ಒಡೆದು ಎಣ್ಣೆ ಹೊರಗೆ ಬರುತ್ತದೆ. ಆ ಬೀಜ ಹುರಿಯುವ ಡ್ರಮ್‌ನಿಂದ ಕೆಳಗೆ ಬಿದ್ದ ದಿನವೇ ಹೊಳೆಯಬಹುದು. ತಿಳಿಯಾಗಿ ಹುರಿದದ್ದು ಎರಡು ತಿಂಗಳಾದರೂ ಮಂಕಾಗೇ ಇರುತ್ತದೆ. ಹೊಳಪು ಹೇಳುವುದು ಎಷ್ಟು ಹುರಿದಿದ್ದಾರೆ ಅಂತ. ಯಾವಾಗ ಹುರಿದರು ಅಂತ ಅಲ್ಲ.

ನಡೆದಾಡಿ
"ಬಿದ್ದ ದಿನವೇ ಹೊಳೆಯಬಹುದು". ಸರಿ, ಹಾಗಾದರೆ ಹಳೇದಲ್ಲ, ಸುಟ್ಟದ್ದು. ನನಗೆ ಎರಡೂ ಒಂದೇ. ತಿರುಗಿ ನಡೆಯಿರಿ ಅಂದದ್ದು ಸರಿಯೇ ಆಯಿತಲ್ಲ.

ಕಹಿ_ಪ್ರಿಯ
ಸುಟ್ಟದ್ದಾ? ಕಪ್ಪಗೆ ಹುರಿದದ್ದೆಲ್ಲ ಸುಟ್ಟದ್ದು ಅನ್ನುವ ಈ ಹೊಸ ಶೋಕಿ ಎಲ್ಲಿಂದ ಬಂತೋ. ಮೂವತ್ತು ವರ್ಷದಿಂದ ಗಟ್ಟಿ ಕಹಿ ಕಾಫಿ ಕುಡಿಯುತ್ತಿದ್ದೇನೆ. ನಿಂಬೆರಸದಂಥ ಕಾಫಿ ಕೊಟ್ಟು "ಮಲ್ಲಿಗೆ ಪರಿಮಳ ಬರುತ್ತಾ ಸಾರ್" ಅಂತ ಕೇಳುವ ಅಂಗಡಿಗಿಂತ ಹೊಳೆಯುವ ಬೀಜದ ಅಂಗಡಿ ಸಾವಿರ ಪಾಲು ಮೇಲು. ಬೆಳಗಿನ ಮೀಟಿಂಗ್‌ಗೆ ಮುಂಚೆ ಕುಡಿಯುವವರಿಗಂತೂ ಅದೇ ಸರಿ. ಕಪ್ಪಗೆ ಹುರಿದದ್ದರಲ್ಲೇ ಕೆಫೀನ್ ಜಾಸ್ತಿ.

ತಕ್ಕಡಿ
ಕೊನೇ ವಾಕ್ಯ ತಪ್ಪು. ಹುರಿದರೆ ಕೆಫೀನ್ ಹೆಚ್ಚಾಗುವುದಿಲ್ಲ, ಅದು ಹೆಚ್ಚುಕಮ್ಮಿ ಇದ್ದಷ್ಟೇ ಉಳಿಯುತ್ತದೆ. ನೀರಿನಂಶ ಹೋಗಿ ಬೀಜದ ತೂಕ ಇಳಿಯುತ್ತದೆ ಅಷ್ಟೇ. ಕೆಫೀನ್ ಬೇಕಿದ್ದರೆ ಯಾವ ಜಾತಿ ಅಂತ ನೋಡಿ. ಅರೇಬಿಕಾದಲ್ಲಿ ತೂಕದ ಸುಮಾರು 1.2 ಶೇಕಡಾ, ರೊಬಸ್ಟಾದಲ್ಲಿ 2.2ರ ಹತ್ತಿರ. ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಹಿ_ಪ್ರಿಯ
"ಬೀಜದ ತೂಕ ಇಳಿಯುತ್ತದೆ" ಅಂತ ನೀವೇ ಬರೆದಿದ್ದೀರಿ. ತೂಕ ಇಳಿದು ಕೆಫೀನ್ ಅಷ್ಟೇ ಇದ್ದರೆ, ಒಂದು ಗ್ರಾಮ್‌ನಲ್ಲಿ ಯಾವುದರಲ್ಲಿ ಜಾಸ್ತಿ ಆಯಿತು? ಕಪ್ಪಗಿನದ್ದರಲ್ಲಿ. ಥ್ಯಾಂಕ್ಸ್. ಮುಂದಿನ ವಿಷಯ.

ತಕ್ಕಡಿ
ಕೂದಲೆಳೆಯಷ್ಟು ಜಾಸ್ತಿ. ಅದೂ ತೂಕ ಮಾಡಿ ಹಾಕಿದರೆ. ಚಮಚದಲ್ಲಿ ಅಳೆದು ಹಾಕಿದರೆ ಲೆಕ್ಕ ಉಲ್ಟಾ, ಯಾಕಂದರೆ ಕಪ್ಪಗೆ ಹುರಿದ ಬೀಜ ಉಬ್ಬಿ ಹಗುರಾಗಿರುತ್ತದೆ.

ಕಹಿ_ಪ್ರಿಯ
ಒಳ್ಳೆ ಅಂಗಡಿಯಲ್ಲಿ ಚಮಚದಲ್ಲಿ ಅಳೆಯುತ್ತಾರಾ? ನಿಮ್ಮ ಹೆಸರೇ ತಕ್ಕಡಿ!

ಬೆಳಗಿನ_ರೈಲು
ಸಾರ್‌ಗಳೇ, ನನ್ನ ಪ್ರಶ್ನೆ ಅಂಗಡಿ ಹುಡುಕುವುದು ಹೇಗೆ ಅಂತ ಇತ್ತು.

ಎರಡನೇ_ಕಪ್
ನಾನು ಮಾಡುವುದು ಹೇಳುತ್ತೇನೆ. ಅಂಗಡಿ ಹುಡುಕಬೇಡಿ, ಹುರಿಯುವವರನ್ನು ಹುಡುಕಿ. ಆ ಊರಲ್ಲಿ ಚಿಕ್ಕದಾಗಿ ಬೀಜ ಹುರಿದು ಮಾರುವವರು ನಾಲ್ಕೈದು ಜನ ಸಿಗುತ್ತಾರೆ. ಯಾವ್ಯಾವ ಅಂಗಡಿಗೆ ಬೀಜ ಕೊಡುತ್ತೇವೆ ಅಂತ ಎಷ್ಟೋ ಜನ ತಮ್ಮ ವೆಬ್‌ಸೈಟ್‌ನಲ್ಲೇ ಹಾಕಿರುತ್ತಾರೆ. ನೀವು ಉಳಿಯುವ ಜಾಗಕ್ಕೆ ಹತ್ತಿರ ಇರುವುದನ್ನು ಆರಿಸಿ. ಮೊದಲ ದಿನ ಅಲ್ಲಿ ಕುಡಿದು, ಗಿರಾಕಿ ಕಮ್ಮಿ ಇರುವ ಹೊತ್ತಲ್ಲಿ ಕಾಫಿ ಮಾಡಿಕೊಡುವ ಬರಿಸ್ತಾನನ್ನು ಒಂದೇ ಪ್ರಶ್ನೆ ಕೇಳಿ: "ನಿಮಗೆ ರಜೆ ಇದ್ದ ದಿನ ನೀವೆಲ್ಲಿ ಕಾಫಿ ಕುಡಿಯುತ್ತೀರಿ?" "ಯಾವ ಅಂಗಡಿ ಚೆನ್ನಾಗಿದೆ" ಅಂತ ಕೇಳಿದರೆ ಎಲ್ಲರಿಗೂ ಹೇಳುವ ಹೆಸರನ್ನೇ ಹೇಳುತ್ತಾರೆ. ರಜೆ ದಿನ ಅಂದರೆ ಒಂದು ಕ್ಷಣ ಯೋಚಿಸಿ, ನಿಜವಾದದ್ದು ಹೇಳುತ್ತಾರೆ. ಎರಡನೇ ಅಂಗಡಿಯಲ್ಲೂ ಅದೇ ಪ್ರಶ್ನೆ. ಇನ್ನೊಂದು, ಆಫೀಸುಗಳೇ ತುಂಬಿರುವ ಏರಿಯಾದ ಒಳ್ಳೆ ಅಂಗಡಿ ಎಷ್ಟೋ ಸಲ ವಾರಾಂತ್ಯ ಮುಚ್ಚಿರುತ್ತದೆ, ಸಮಯ ನೋಡಿಕೊಳ್ಳಿ. ಮಾರಲು ಇಟ್ಟ ಪ್ಯಾಕೆಟ್ ಮೇಲೆ ಹುರಿದ ತಾರೀಕು ಇದೆಯಾ ನೋಡಿ. ಹುರಿದು ಒಂದು ವಾರದಿಂದ ಒಂದು ತಿಂಗಳ ಒಳಗಿದ್ದರೆ ಚೆನ್ನ.

ನಡೆದಾಡಿ
"ಒಂದು ವಾರದಿಂದ" ಯಾಕೆ? ತಾಜಾ ಅಂದರೆ ನಿನ್ನೆ ಹುರಿದದ್ದು ಇನ್ನೂ ಒಳ್ಳೆಯದಲ್ವಾ?

ಹುರಿಗಾರ
ಅಲ್ಲ. ಹುರಿದ ಬೀಜದೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ, ದಿನಗಟ್ಟಲೆ ನಿಧಾನ ಹೊರಗೆ ಬರುತ್ತದೆ. ಪ್ಯಾಕೆಟ್ ಮೇಲೆ ಗುಂಡಗೆ ಬಟನ್ ತರ ಒಂದು ಕವಾಟ ಇರುವುದೇ ಅದಕ್ಕೆ. ಗಾಳಿ ಹೊರಗೆ ಹೋಗಬೇಕು, ಒಳಗೆ ಬರಬಾರದು. ನಿನ್ನೆ ಹುರಿದದ್ದರಲ್ಲಿ ಎಸ್ಪ್ರೆಸೊ ತೆಗೆದರೆ ಬುಸ್ ಅಂತ ನೊರೆಯೇ ಬರುತ್ತದೆ, ರುಚಿ ಬರುವುದಿಲ್ಲ. ತಾರೀಕು ನೋಡಿ ಅಂತ ಎರಡನೇ_ಕಪ್ ಹೇಳಿದ್ದು ಸರಿ. ಹೊಳಪು ನೋಡಿ ಅಂದವರಿಗೆ ತಾರೀಕು ಓದುವುದು ಕಷ್ಟ ಇರಬೇಕು.

ನಡೆದಾಡಿ
ತಾರೀಕು ಇರುವುದು ಮಾರಾಟದ ಪ್ಯಾಕೆಟ್ ಮೇಲೆ. ಗ್ರೈಂಡರ್ ಡಬ್ಬದಲ್ಲಿ ಇರುವುದು ಅದೇ ಬೀಜ ಅಂತ ಏನು ಗ್ಯಾರಂಟಿ? ನನ್ನ ಕಣ್ಣಿಗೆ ಕಾಣುವುದು ಡಬ್ಬ. ಎಣ್ಣೆ ಮೇಲೆ ಬಂದ ಬೀಜಕ್ಕೆ ಗಾಳಿ ತಾಗಿದರೆ ಎಣ್ಣೆ ಬೇಗ ಕಮಟುತ್ತದೆ, ಇದು ಸುಳ್ಳಾ? ಡಬ್ಬದ ಗೋಡೆಗೆ ಕಂದು ಜಿಡ್ಡು ಅಂಟಿರುವುದನ್ನು ನಾನೇ ಬೆರಳಲ್ಲಿ ಮುಟ್ಟಿ ನೋಡಿದ್ದೇನೆ.

ಹುರಿಗಾರ
"ಬೇಗ ಕಮಟುತ್ತದೆ" ಅನ್ನುವುದಕ್ಕೂ "ಹಳೇ ಬೀಜ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಮೊದಲು ಹಳೇದು ಅಂದಿರಿ, ಆಮೇಲೆ ಸುಟ್ಟದ್ದು ಅಂದಿರಿ, ಈಗ ಡಬ್ಬ ತೊಳೆದಿಲ್ಲ ಅನ್ನುತ್ತಿದ್ದೀರಿ. ಡಬ್ಬ ತೊಳೆಯದ್ದು ಅಂಗಡಿಯವನ ಸೋಮಾರಿತನ. ಬೀಜದ ಮೇಲೆ ಯಾಕೆ ಹಾಕುತ್ತೀರಿ?

ನಡೆದಾಡಿ
ಸೋಮಾರಿ ಅಂಗಡಿ ಅಂತ ಒಪ್ಪಿಕೊಂಡಿರಲ್ಲ, ಅದನ್ನೇ ನಾನು ಹೇಳುತ್ತಿರುವುದು. ಅಂದಹಾಗೆ ನೀವು ಕಪ್ಪಗೆ ಹುರಿದ ಬೀಜ ಮಾರುತ್ತೀರಾ? ಅದಕ್ಕೇ ಇಷ್ಟು ಉರಿ?

ಹುರಿಗಾರ
ರೀ, ಮಾತು ನೋಡಿಕೊಂಡು ಆಡಿ. ನಾನು ಏನು ಮಾರಿದರೆ ನಿಮಗೇನು? ಬೇಸಿಗೆಯಲ್ಲಿ ಡ್ರಮ್ ಮುಂದೆ ಎಂಟು ಗಂಟೆ ನಿಂತು ಕೈ ಸುಟ್ಟುಕೊಂಡವನಿಗೆ, ಬಾಗಿಲಲ್ಲಿ ಎರಡು ನಿಮಿಷ ನಿಂತವರು ಪಾಠ ಹೇಳಬೇಡಿ. ಸಿಡಿತದ ಶಬ್ದ ಒಂದು ಸಲವಾದರೂ ಕಿವಿಯಾರೆ ಕೇಳಿದ್ದೀರಾ? ಇಲ್ಲ ತಾನೆ?

ನಡೆದಾಡಿ
ನಾನು ಕುಡಿಯುವವನು. ಅಡುಗೆ ಕೆಟ್ಟಿದೆ ಅನ್ನಲು ನಾನೇ ಒಲೆ ಹಚ್ಚಬೇಕಾ?

ಸ್ಟಾರ್_ಲೆಕ್ಕಿಗ
ನೊರೆಯೇ ಬರುತ್ತದೆ ಅಂದಿರಿ. ನಾನು ಮೊದಲೇ ಹೇಳಿದ್ದು ಇದನ್ನೇ, ದಪ್ಪ ನೊರೆ ಅಂದರೆ ತಾಜಾ ಬೀಜ. ಫೋಟೋ ನೋಡಿ ಅಂದದ್ದು ಸುಮ್ನೆ ಅಲ್ಲ.

ತಕ್ಕಡಿ
ನೊರೆ ಜಾಸ್ತಿ ಬೇಕಿದ್ದರೆ ರೊಬಸ್ಟಾ ಬೆರೆಸಿದರೆ ಸಾಕು, ಬೆರಳ ದಪ್ಪ ಬರುತ್ತದೆ. ಆ ನೊರೆ ಒತ್ತಡದಿಂದ ಬರುವುದು. 1938ರಲ್ಲಿ ಇಟಲಿಯ ಅಕಿಲೆ ಗಾಜಿಯಾ ತನ್ನ ಕಾಫಿ ಯಂತ್ರಕ್ಕೆ ಪೇಟೆಂಟ್ ಹಾಕುವ ಮುಂಚಿನ ಯಂತ್ರಗಳು ಹಬೆಯ ಒತ್ತಡ ನಂಬಿದ್ದವು, ಒಂದೂವರೆ ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ಅಷ್ಟೇ, ಅವುಗಳಲ್ಲಿ ಈ ನೊರೆ ಇರಲೇ ಇಲ್ಲ. ಈಗ 9 ಬಾರ್. ಬರೀ ನೊರೆಯ ಫೋಟೋ ನೋಡಿ ಬೀಜದ ಜಾತಕ ಹೇಳಲು ಆಗುವುದಿಲ್ಲ. ಬೇಕಿದ್ದರೆ ಗಡಿಯಾರ ನೋಡಿ. ಗುಂಡಿ ಒತ್ತಿದ ಮೇಲೆ ಎಸ್ಪ್ರೆಸೊ ಹತ್ತೇ ಸೆಕೆಂಡಲ್ಲಿ ಸುರಿದು ಮುಗಿದರೆ ನೀರು ನೀರು. ಸಾಮಾನ್ಯವಾಗಿ 25ರಿಂದ 30 ಸೆಕೆಂಡ್ ಬೇಕು.

ಸ್ಟಾರ್_ಲೆಕ್ಕಿಗ
"ಸಾಮಾನ್ಯವಾಗಿ" ಅಂತ ಸೇರಿಸಿದಿರಿ ನೋಡಿ, ಅಂದರೆ ನಿಮಗೂ ಗ್ಯಾರಂಟಿ ಇಲ್ಲ.

ಮೂಲೆ_ಕುರ್ಚಿ
ನನಗೆ ಈ ಬೀಜದ ಗೋಳು ಅರ್ಥ ಆಗುವುದಿಲ್ಲ. ಹೊಸ ಊರಲ್ಲಿ ಕಾಫಿ ಅಂಗಡಿಗೆ ಹೋಗುವುದು ಕೂರುವುದಕ್ಕೆ. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ "ಮೂರನೇ ಜಾಗ" ಅಂತ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ 1989ರಲ್ಲೇ ಬರೆದರು. ಒಂಟಿ ಹೋದವರು ಗೋಡೆಗೆ ಬೆನ್ನು ಕೊಟ್ಟು ಕೂರುವ ಕುರ್ಚಿ ಇದೆಯಾ, ಹಾಡು ಕಿವಿ ತಿನ್ನುತ್ತದಾ, ಎದ್ದು ಹೋಗಿ ಅನ್ನುವ ಹಾಗೆ ಬಿಲ್ ತಂದು ಇಡುತ್ತಾರಾ, ಇದನ್ನು ನೋಡಿ. ಅದೇ ಜಾಗದ ಖಾಯಂ ಗಿರಾಕಿಗಳು ಹೆಸರು ಹಿಡಿದು ಮಾತಾಡಿಸುತ್ತಿದ್ದರೆ ಕಣ್ಣು ಮುಚ್ಚಿ ಕೂರಿ.

ಕಹಿ_ಪ್ರಿಯ
ಕಣ್ಣು ಮುಚ್ಚಿ ಕೂತರೆ ನಿಂಬೆರಸ ತಂದಿಡುತ್ತಾರೆ, ಹುಷಾರು.

ಎರಡನೇ_ಕಪ್
ಹಾಲು ಹಾಕಿದ ಕಾಫಿ ಕುಡಿಯುವವರಾದರೆ ಕೊಟ್ಟ ತಕ್ಷಣ ಗುಟುಕರಿಸಿ. ನಾಲಿಗೆ ಸುಟ್ಟರೆ ಹಾಲು ಜಾಸ್ತಿ ಕಾದಿದೆ ಅಂತ ಅರ್ಥ. 60, 65 ಡಿಗ್ರಿಯಲ್ಲಿ ನಿಲ್ಲಿಸಿದರೆ ಹಾಲು ಸಿಹಿಯಾಗಿರುತ್ತದೆ. 70 ದಾಟಿದರೆ ಕೆನೆಗಟ್ಟಿದ ವಾಸನೆ ಬರುತ್ತದೆ.

ಕಹಿ_ಪ್ರಿಯ
ಬಿಸಿ ಇಲ್ಲದ ಕಾಫಿ ಕಾಫಿಯೇ ಅಲ್ಲ. 65 ಡಿಗ್ರಿಯಂತೆ.

ನಿರ್ವಾಹಕ
ಹುರಿಗಾರ, ನಡೆದಾಡಿ ಇಬ್ಬರಿಗೂ ಹೇಳುತ್ತಿದ್ದೇನೆ. ಯಾರು ಏನು ಮಾರುತ್ತಾರೆ ಅನ್ನುವುದು ಇಲ್ಲಿ ಬೇಡ. ಬೀಜದ ಬಗ್ಗೆ ಜಗಳ ಆಡಿಕೊಳ್ಳಿ.

ನಡೆದಾಡಿ
ಬೀಜದ ಬಗ್ಗೆ ಅಂತ ಅನುಮತಿ ಸಿಕ್ಕಿತು. ಹಾಗಾದರೆ ಒಂದೇ ಪ್ರಶ್ನೆ. ಹುರಿಗಾರರೇ, ನೀವು ಗೊತ್ತಿಲ್ಲದ ಊರಿಗೆ ಹೋದಾಗ, ಎಣ್ಣೆ ಸುರಿಯುವ ಬೀಜ ಕಂಡ ಅಂಗಡಿಗೆ ಹೋಗುತ್ತೀರಾ?

ಹುರಿಗಾರ
ನಾನು ಹಾಲು ಹಾಕದ ಕಾಫಿ ಕುಡಿಯುವವನು, ಅದಕ್ಕೆ ಹೋಗುವುದಿಲ್ಲ. ಕಾರಣ ನೀವು ಹೇಳಿದ್ದಲ್ಲ.

ನಡೆದಾಡಿ
"ಹೋಗುವುದಿಲ್ಲ". ಇಷ್ಟು ಸಾಕು.

ಹುರಿಗಾರ
ಮುಂದಿನ ವಾಕ್ಯ ಓದಿ!!

ಬೆಳಗಿನ_ರೈಲು
ಹತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ, ಹೋಗಿ ಬಂದೆ. ಮೊದಲ ಕಪ್ ಹುರಿಯುವವರ ಪಟ್ಟಿಯಿಂದ ಹಿಡಿದ ಅಂಗಡಿ, ಪರವಾಗಿಲ್ಲ. ಅಲ್ಲಿನ ಹುಡುಗಿಗೆ ರಜೆ ದಿನದ ಪ್ರಶ್ನೆ ಕೇಳಿದೆ. ನಕ್ಕು, ಬಿಲ್ ಹಿಂದೆ ಒಂದು ಬೀದಿ ಹೆಸರು ಬರೆದು ಕೊಟ್ಟಳು. ಎರಡನೇ ದಿನ ಬೆಳಿಗ್ಗೆ ಅವಸರ ಇತ್ತು, ಹೋಟೆಲ್ ಪಕ್ಕದಲ್ಲೇ ಒಂದು ಕಡೆ ನುಗ್ಗಿದೆ. ಸ್ಟೀಮ್ ಪೈಪಿನ ತುದಿಯಲ್ಲಿ ಹೆಕ್ಕಳೆ ಕಂಡಿತು, ನೋಡಿಯೂ ಕುಡಿದೆ, ಅನುಭವಿಸಿದೆ. ನಡೆದಾಡಿಯವರಿಗೆ ಆ ಒಂದು ಮಾರ್ಕು. ಸಂಜೆ ಬಿಲ್ ಹಿಂದಿನ ಬೀದಿಗೆ ಹೋದೆ. ಬೋರ್ಡೇ ಇಲ್ಲ, ಆರು ಸ್ಟೂಲು, ಒಬ್ಬನೇ ಆಳು. ಒಂದೊಂದು ಕಪ್‌ಗೂ ಬೀಜ ತೂಗಿ ಹಾಕುತ್ತಾನೆ. ಉಳಿದ ಎರಡು ಕಪ್‌ಗೂ ಅಲ್ಲಿಗೇ ಹೋದೆ. ಮ್ಯಾಪ್‌ನಲ್ಲಿ 4.1, ಕೂರಲು ಜಾಗ ಇಲ್ಲ ಅಂತ ಎಲ್ಲರೂ ಬೈದಿದ್ದಾರೆ.

ಸ್ಟಾರ್_ಲೆಕ್ಕಿಗ
ಬೈದದ್ದು ಜಾಗಕ್ಕೆ, ಕಾಫಿಗಲ್ಲ. ಓದಿ ಅಂತ ಹೇಳಿದ್ದೆ.

ನಡೆದಾಡಿ
ಆ ಸ್ಟೂಲ್ ಅಂಗಡಿಯಲ್ಲಿ ಬೀಜ ಹೊಳೆಯುತ್ತಿತ್ತಾ, ಇಲ್ವಾ?

ಬೆಳಗಿನ_ರೈಲು
ಕಾಣಲಿಲ್ಲ. ಎಲ್ಲ ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿತ್ತು.

ಹುರಿಗಾರ
ಗಾಳಿ, ಬೆಳಕು ತಾಗಬಾರದು ಅಂತ ಮುಚ್ಚಿಟ್ಟಿದ್ದಾನೆ. ಕೆಲಸ ಗೊತ್ತಿರುವವನು.

ನಡೆದಾಡಿ
ಅಥವಾ ಹೊಳಪು ಯಾರಿಗೂ ಕಾಣಬಾರದು ಅಂತ. ಮುಚ್ಚಳ ತೆಗೆಸಿ ನೋಡಬೇಕಿತ್ತು.

ಬೆಳಗಿನ_ರೈಲು
ಕಾಫಿ ಚೆನ್ನಾಗಿತ್ತು ಸಾರ್, ಕೇಳಲು ಮರೆತೆ.