ಇಂಟರ್‌ವ್ಯೂ ದಿನ ಪೂರ್ತಿ ಕೋಟು ಹಾಕ್ಕೊಂಡೇ ಇರಬೇಕಾ? ಅನುಭವ ಇರೋರು ಹೇಳಿ

ಥಾಣೆ ಹುಡುಗ

ಎಲ್ಲರಿಗೂ ನಮಸ್ಕಾರ. ಬರೋ ಸೋಮವಾರ ಅಂಧೇರಿಯಲ್ಲಿ ಎಂಬಿಎ ಇಂಟರ್‌ವ್ಯೂ ಇದೆ. ಬೆಳಿಗ್ಗೆ ಎಂಟೂವರೆಗೆ ಬರಬೇಕು ಅಂದಿದ್ದಾರೆ. ಮೊದಲು ಸರ್ಟಿಫಿಕೇಟ್ ನೋಡ್ತಾರೆ, ಆಮೇಲೆ ಗ್ರೂಪ್ ಡಿಸ್ಕಷನ್, ಊಟ, ಕೊನೆಗೆ ಇಂಟರ್‌ವ್ಯೂ. ನನ್ನ ಸರದಿ ಸಂಜೆ ಐದಕ್ಕೆ ಬಂದರೂ ಬಂತೇ. ಎರಡು ಗುಂಡಿಯ ನೇವಿ ಬ್ಲೂ ಕೋಟು ತಗೊಂಡಿದೀನಿ. ನಮ್ಮ ಮನೇಲಿ ರಿಸೆಪ್ಷನ್‌ಗೆ ಬಿಟ್ಟರೆ ಯಾರೂ ಕೋಟು ಹಾಕಿದವರಲ್ಲ, ಹೇಳಿಕೊಡೋರಿಲ್ಲ. ಮೂರೇ ಪ್ರಶ್ನೆ. ಲೋಕಲ್ ಟ್ರೈನ್‌ನಲ್ಲಿ ಹಾಕ್ಕೊಂಡು ಹೋಗ್ಲಾ, ಕೈಯಲ್ಲಿ ಹಿಡ್ಕೊಂಡು ಹೋಗ್ಲಾ? ಊಟದ ಹೊತ್ತಿಗೆ ಬಿಚ್ಚಬಹುದಾ? ಒಳಗೆ ಕೂತಾಗ ಸೆಖೆ ತಡೆಯೋಕಾಗದಿದ್ದರೆ ಏನು ಮಾಡೋದು?

ಡೊಂಬಿವಲಿ ಅಣ್ಣ

ತಮ್ಮಾ, ಲೋಕಲ್‌ನಲ್ಲಿ ಕೋಟು ಹಾಕೋ ಮಾತೇ ಬೇಡ. 2017ರ ಮಾರ್ಚ್‌ನಲ್ಲಿ ನಾನು ಹಾಕಿದ್ದೆ. ಡೊಂಬಿವಲಿಯಲ್ಲಿ ಫಾಸ್ಟ್ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನ್ ಹಿಡಿದು ಪಾರ್ಲೆಗೆ ಹೋಗಬೇಕಿತ್ತು. ಆಗ ಎಸಿ ಲೋಕಲ್ ಇನ್ನೂ ಇರಲಿಲ್ಲ, ಅದು ಬಂದದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ, ಅದೂ ಮೊದಲು ವೆಸ್ಟರ್ನ್‌ಗೆ. ಘಾಟ್ಕೋಪರ್ ದಾಟುವಷ್ಟರಲ್ಲಿ ನನ್ನ ಮೇಲಿನ ಗುಂಡಿ ಒಂದೇ ಒಂದು ದಾರದಲ್ಲಿ ನೇತಾಡ್ತಾ ಇತ್ತು. ದಾದರ್ ಸೇತುವೆ ಮೇಲೆ ನಿಂತು ಅದನ್ನ ಕಿತ್ತು ಜೇಬಿಗೆ ಹಾಕ್ಕೊಂಡೆ.

ಖರ್ಚು ಕೇಳು. ಕೋಟಿಗೆ 7,800. ತೋಳು ಮೋಟು ಮಾಡಿಸಿದ್ದಕ್ಕೆ 450, ಸೊಂಟ ಹಿಡಿಸಿದ್ದಕ್ಕೆ 350. ಪ್ಯಾಂಟು ಬೇರೆ, ಬೂಟು ಬೇರೆ. ಅಪ್ಪ ಎರಡು ಸಲ ಎಟಿಎಂಗೆ ಹೋಗಿ ಬಂದಿದ್ದರು.

ಅಷ್ಟಾದ ಮೇಲೂ ದೊಡ್ಡ ತಪ್ಪು ಬೆನ್ನ ಹಿಂದೆ ಇತ್ತು. ಹೊಸ ಕೋಟಿನ ಹಿಂದಿನ ಸೀಳಿಗೆ ಇಂಟು ಮಾರ್ಕಿನ ಹಾಗೆ ಬಿಳಿ ದಾರದಲ್ಲಿ ಎರಡು ಹೊಲಿಗೆ ಹಾಕಿರ್ತಾರೆ, ಅಂಗಡಿಯಲ್ಲಿ ಇರುವಾಗ ಆಕಾರ ಕೆಡಬಾರದು ಅಂತ. ಅದನ್ನ ಕತ್ತರಿಸಬೇಕು. ನನಗೆ ಯಾರೂ ಹೇಳಿರಲಿಲ್ಲ. ಗ್ರೂಪ್ ಡಿಸ್ಕಷನ್ ಮುಗಿಸಿ ಬಂದ ಮೇಲೆ ನಾಗಪುರದ ಹುಡುಗನೊಬ್ಬ ಮೆಲ್ಲಗೆ ಕಿವಿಯಲ್ಲಿ ಹೇಳಿದ. ಅವನ ಋಣ ಇವತ್ತಿಗೂ ಮರೆತಿಲ್ಲ. ಎಡ ತೋಳಿನ ತುದಿಗೆ ಬ್ರ್ಯಾಂಡಿನ ಪಟ್ಟಿ ಹೊಲಿದಿದ್ದರೆ ಅದೂ ತೆಗೆಯೋದೇ.

ಇನ್ನೊಂದು. ಮನೆಗೆ ಬಂದ ಮೇಲೆ ಅಮ್ಮ ಬೆವರಿನ ಕಲೆ ಹೋಗಲಿ ಅಂತ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಉಜ್ಜಿದರು. ಎದೆಭಾಗದಲ್ಲಿ ಹಪ್ಪಳದ ಥರ ಗುಳ್ಳೆ ಎದ್ದವು. ಕಡಿಮೆ ಬೆಲೆಯ ಕೋಟಿನಲ್ಲಿ ಒಳಗಿನ ಬಟ್ಟೆಯನ್ನ ಅಂಟಿನಿಂದ ಕೂರಿಸಿರ್ತಾರೆ, ಹೊಲಿದಿರಲ್ಲ. ಅಂಟು ಬಿಟ್ಟರೆ ಮುಗೀತು, ಮತ್ತೆ ಸರಿ ಹೋಗಲ್ಲ. 8,600 ರೂಪಾಯಿ ಒಂದೇ ದಿನಕ್ಕೆ ಹೋಯ್ತು. ಸೀಟೂ ಸಿಗಲಿಲ್ಲ. ಹಾಗಂತ ಬಾಡಿಗೆ ಕೋಟು ಮಾತ್ರ ತರಬೇಡ. ಇನ್ನೊಬ್ಬರ ಬೆವರು ಹೀರಿದ ಬಟ್ಟೆಯಲ್ಲಿ ಹೋಗಿ ಆತ್ಮವಿಶ್ವಾಸದಿಂದ ಮಾತಾಡೋಕಾಗಲ್ಲ.

ಧಾರವಾಡದವ, ಈಗ ಪುಣೆ

ಬಾಡಿಗಿ ಕೋಟಿನ ಬಗ್ಗೆ ಹಂಗ ಅನಬ್ಯಾಡ್ರಿ ಅಣ್ಣಾರ. ಎಲ್ಲಾರ ಅಪ್ಪಗ ಎಟಿಎಂದಾಗ ರೊಕ್ಕ ಇರೂದಿಲ್ಲ. ನಾ ಬಾಡಿಗಿ ಕೋಟ ಹಾಕ್ಕೊಂಡನ ಹೋಗೀನಿ, ಸೀಟೂ ತಗೊಂಡೀನಿ, ಇವತ್ತ ಅದರ ಮ್ಯಾಲ ನಾಕ ಮಂದಿ ಉಣ್ಣಾಕತ್ತೇವಿ.

ದಿನಕ್ಕ 1,200, ಡಿಪಾಸಿಟ್ 4,000. ಲಕ್ಷ್ಮೀ ರೋಡಿನಾಗ ಮೂರ ಅಂಗಡಿ ಹತ್ತಿ ಇಳದಿದ್ದೆ. ಹಿಂದಿನ ದಿನ ಸಂಜಿ ಏಳಕ್ಕ ಕೊಟ್ಟ, ಮರುದಿನ ರಾತ್ರಿ ಒಂಬತ್ತರೊಳಗ ತರ್ಬೇಕಂದ. ತೋಳು ಹೆಬ್ಬೆರಳಿನ ಬುಡದ ತನಕಾ ಬರ್ತಿತ್ತು. ಕತ್ತರಸೂ ಹಂಗಿಲ್ಲ, ಮಂದಿ ಮಾಲು. ನಮ್ಮ ಖೋಲಿ ಅವ್ವ ಒಳಗಿಂದ ಒಂದ ಇಂಚು ಮಡಚಿ ಕಚ್ಚಾ ಹೊಲಿಗಿ ಹಾಕಿ ಕೊಟ್ಟಳು. ಮರಾಠಿಯಾಕಿ, ನಮ್ಮ ಓಣ್ಯಾಗ ಊಟದ ಡಬ್ಬಿ ಕೊಡ್ತಿದ್ದಳು. ಒಂದು ರೂಪಾಯಿ ತಗೊಳ್ಳಿಲ್ಲ.

ಮಧ್ಯಾಹ್ನ ಊಟಕ್ಕ ಬಿಟ್ಟರು. ಕೋಟ ಬಿಚ್ಚಿದ್ರ ಯಾರರ ಏನರ ಅಂದಾರು ಅಂತ ಹಾಕ್ಕೊಂಡ ಉಣ್ಣಾಕ ಕುಂತೆ. ಬಾಜೂಕಿನವ ಮೊಣಕೈ ತಾಗಿಸಿದ, ಬಟಾಟಿ ರಸ್ಸಾ ಬಲ ತೋಳಿನ ಮ್ಯಾಲ. ಎಣ್ಣಿ ಕಲಿ, ಅರಿಷಿಣದ್ದು. ನೀರ ಹಚ್ಚಿದೆ, ಮತ್ತ ಹರಡಿತು. ಇಂಟರ್‌ವ್ಯೂದಾಗ ಇಪ್ಪತ್ತ ನಿಮಿಷ ಬಲಗೈ ಟೇಬಲ್ ಕೆಳಗನ ಇಟಗೊಂಡಿದ್ದೆ. ಅಂಗಡಿಯವ ಡಿಪಾಸಿಟ್‌ನಾಗ 1,500 ಹಿಡದ. 2,700ಕ್ಕ ಬಿತ್ತು ಆ ದಿನ.

ಅದಕ್ಕ ಹೇಳ್ತೀನಿ ತಮ್ಮಾ, ಉಣ್ಣೂಮುಂದ ಬಿಚ್ಚು. ಕುರ್ಚಿ ಬೆನ್ನಿಗೆ ಹಾಕಬ್ಯಾಡ, ತಾಟ ಹಿಡಕೊಂಡ ಹಿಂದ ಹೋಗಾವ್ರು ಒರಸ್ಕೋತ ಹೋಗ್ತಾರ. ಎರಡೂ ಭುಜ ಒಳಗ ಮಗುಚಿ, ಅಸ್ತರ ಹೊರಗ ಬರೂಹಂಗ ಮಡಚಿ, ತೊಡಿ ಮ್ಯಾಲ ಇಟ್ಕೊ.

ಡೊಂಬಿವಲಿ ಅಣ್ಣ

ನಾನು ಯಾರ ಬಡತನವನ್ನೂ ಆಡಿಕೊಂಡಿಲ್ಲ. ನನಗೆ ಅನಿಸಿದ್ದು ಹೇಳಿದೆ. ನಮ್ಮಪ್ಪ ಗಿರಣಿಯಲ್ಲಿ ದುಡಿದವರು, ಎಟಿಎಂ ಮಾತು ಎತ್ತಬೇಕಾಗಿರಲಿಲ್ಲ.

ಮುಲುಂಡ್, ಊರು ಕುಂದಾಪುರ

ಎಲ್ಲ ಗಂಡಸರ ಕೋಟಿನ ಕಥೆಯೇ ಆಯ್ತು ಮಾರಾಯ್ರೇ. ನಮ್ಮದೂ ಸ್ವಲ್ಪ ಕೇಳಿ.

ಹುಡುಗಿಯರ ಬ್ಲೇಜರಿಗೆ ಜೇಬು ಇರುವುದಿಲ್ಲ, ಜೇಬಿನ ಪಟ್ಟಿ ಮಾತ್ರ ಉಂಟು. ಟೋಕನ್, ಪೆನ್ನು, ಕರವಸ್ತ್ರ ಎಲ್ಲ ಕೈಯಲ್ಲೇ. ನಾನು ಚೂಡಿದಾರಿನ ಮೇಲೆ ಬ್ಲೇಜರ್ ಹಾಕಿದ್ದೆ, ದುಪಟ್ಟ ಒಳಗೆ ಮುದ್ದೆ. ನನ್ನ ಸರದಿ ಬರುವಾಗ ನಾಲ್ಕೂವರೆ. ಆ ಕೋಣೆಯ ಎಸಿ ಹಾಳಾಗಿತ್ತು. ಕೂತ ಎರಡು ನಿಮಿಷಕ್ಕೆ ತಡೆಯಲಾಗದೆ ಬ್ಲೇಜರ್ ತೆಗೆದೆ. ಕೇಳಲಿಲ್ಲ, ಸೀದಾ ತೆಗೆದೆ. ಒಂದು ತೋಳು ಬಳೆಗೆ ಸಿಕ್ಕಿ ಒಳಗಿನಿಂದ ಮಗುಚಿ ಬಂತು, ಅದನ್ನು ಎಳೆಯುತ್ತಾ ಉತ್ತರ ಕೊಡುತ್ತಿದ್ದೆ. ಎದುರು ಕೂತವರು, "ತೆಗೆಯುವುದಾದರೆ ಹಾಕಿಕೊಂಡು ಬಂದದ್ದು ಯಾಕೆ?" ಅಂದರು. ಆ ಮೇಲೆ ಅವರು ಕೇಳಿದ ಒಂದು ಪ್ರಶ್ನೆಯೂ ನನ್ನ ತಲೆಗೆ ಹೋಗಲಿಲ್ಲ. ಒಂದು ವರ್ಷ ಹೋಯಿತು. ಅರ್ಜಿ, ಕೋಚಿಂಗ್, ಮತ್ತೆ ಪರೀಕ್ಷೆ ಎಲ್ಲ ಸೇರಿ 46,000.

ಮರುವರ್ಷ ಅಮ್ಮನ ಇಳಕಲ್ ಸೀರೆ ಉಟ್ಟು ಹೋದೆ. ಸೆರಗಿಗೆ ಎರಡು ಪಿನ್ನು. ಉಡುಪಿನ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ, ಸೀಟು ಸಿಕ್ಕಿತು. ಹುಡುಗಿಯರಿಗೆ ನಾನು ಹೇಳುವುದು ಅದನ್ನೇ.

ಪವಾಯಿ ಓದುಗಿ

ಅಕ್ಕಾ, ಸೀರೆಯಿಂದ ಸೀಟು ಸಿಕ್ಕಿತು ಅನ್ನೋ ಅರ್ಥ ಬರೋ ಹಾಗೆ ಬರೀಬೇಡಿ. ಎರಡನೇ ಸಲ ನಿಮ್ಮ ತಯಾರಿ ಚೆನ್ನಾಗಿತ್ತು, ಸಿಕ್ಕಿತು. ನನಗೆ ಸೀರೆ ಉಟ್ಟು ಸ್ಟೇಷನ್ ಮೆಟ್ಟಿಲು ಹತ್ತೋಕೆ ಬರಲ್ಲ. ಹೊಲಿಸಿದ ಪ್ಯಾಂಟು ಕೋಟಿನಲ್ಲೇ ಹೋದೆ. ಮಾಟುಂಗಾದ ಟೇಲರ್ ಹತ್ರ ಎರಡೂ ಕಡೆ ನಿಜವಾದ ಜೇಬು ಇಡಿಸಿದ್ದೆ, ಅದಕ್ಕೆ 300 ಜಾಸ್ತಿ. ಆ 300 ನಾನು ಖರ್ಚು ಮಾಡಿದ ಅತ್ಯುತ್ತಮ ದುಡ್ಡು.

ಮುಲುಂಡ್, ಊರು ಕುಂದಾಪುರ

ನಾನು ಹಾಗೆ ಬರೆಯಲೇ ಇಲ್ಲ ತಂಗಿ. ಇನ್ನೊಂದು ಸಲ ಓದಿ. ನನ್ನ ಒಂದು ವರ್ಷ ಹೋದದ್ದು ನಿಮಗೆ ಗೊತ್ತಾಗಲಿಕ್ಕಿಲ್ಲ.

ನಿವೃತ್ತ ಪ್ರಾಧ್ಯಾಪಕ, ಪುಣೆ

ಹನ್ನೆರಡು ವರ್ಷ ಇಂತಹ ಸಂದರ್ಶನಗಳಲ್ಲಿ ಮೇಜಿನ ಆ ಬದಿಗೆ ಕುಳಿತವನು ನಾನು. ದಿನಕ್ಕೆ ಇಪ್ಪತ್ತೈದು ಮೂವತ್ತು ಮಕ್ಕಳನ್ನು ನೋಡುತ್ತಿದ್ದೆವು. ಕೋಟಿನ ಬೆಲೆ ನಮಗೆ ಕಾಣುವುದಿಲ್ಲ. ಅದರೊಳಗೆ ಮಗು ಒದ್ದಾಡುತ್ತಿರುವುದು ಮಾತ್ರ ಬಾಗಿಲಲ್ಲೇ ಕಾಣುತ್ತದೆ.

ಎರಡು ಗುಂಡಿಯ ಕೋಟಿಗೆ ಮೇಲಿನದೊಂದನ್ನೇ ಹಾಕುವುದು. ಕೆಳಗಿನದನ್ನು ಎಂದೂ ಹಾಕುವುದಿಲ್ಲ, ಹೊಲಿಗೆಯೇ ಹಾಗೆ ಇರುತ್ತದೆ, ಹಾಕಿದರೆ ಸೊಂಟದ ಬಳಿ ಬಟ್ಟೆ ಎಳೆಯುತ್ತದೆ. ಏಳನೇ ಎಡ್ವರ್ಡ್ ದೊರೆಯ ಹೊಟ್ಟೆಗೆ ಗುಂಡಿ ಕೂರದೆ ಈ ಪದ್ಧತಿ ಬಂತೆಂದು ಹೇಳುತ್ತಾರೆ. ನಡೆಯುವಾಗ, ನಿಂತಾಗ ಗುಂಡಿ ಹಾಕಿರಬೇಕು. ಕುಳಿತುಕೊಳ್ಳುವಾಗ ಬಿಚ್ಚಬೇಕು. ಹಾಕಿಕೊಂಡೇ ಕುಳಿತರೆ ಕಾಲರು ಕತ್ತಿನಿಂದ ಎದ್ದು ನಿಲ್ಲುತ್ತದೆ, ಹೊಟ್ಟೆಯ ಮೇಲೆ ಅಡ್ಡ ನಿರಿಗೆ ಬೀಳುತ್ತದೆ. ಎರಡು ಸಾಲು ಗುಂಡಿಯ ಕೋಟಾದರೆ ಕುಳಿತಾಗಲೂ ಬಿಚ್ಚುವುದಿಲ್ಲ. ಅಂಗಿಯ ತೋಳು ಕೋಟಿನ ತೋಳಿನಿಂದ ಒಂದು ಸೆಂಟಿಮೀಟರಿನಷ್ಟು ಹೊರಗೆ ಕಾಣಲಿ.

ಸೆಖೆಯಾದರೆ ಕೇಳಿ. "ಕೋಟು ತೆಗೆಯಬಹುದೇ ಸರ್" ಎಂದು ಕೇಳಿದ ಯಾರಿಗೂ ನಾವು ಇಲ್ಲ ಎಂದದ್ದಿಲ್ಲ. ಕುಂದಾಪುರದ ಆ ಮಗುವಿಗೆ ಹಾಗೆ ಕೇಳಿದವರದು ತಪ್ಪು. ಎಸಿ ಕೆಟ್ಟ ಕೋಣೆಯಲ್ಲಿ ಅವರೇ ಮೊದಲು ತೆಗೆಯಿರಿ ಎನ್ನಬೇಕಿತ್ತು.

ನಮ್ಮ ವಿಶ್ವೇಶ್ವರಯ್ಯನವರು ಇದೇ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಎಂಜಿನಿಯರಿಂಗ್ ಓದಿದವರು. ಅವರ ಯಾವ ಭಾವಚಿತ್ರವನ್ನಾದರೂ ನೋಡಿ, ಕೋಟು ಹೇಗೆ ಕೂತಿದೆ ಎಂದು. ಉಡುಪು ಅಚ್ಚುಕಟ್ಟಾಗಿರುವುದು ಎದುರಿಗಿರುವವರಿಗೆ ಕೊಡುವ ಗೌರವ.

ವಾಸ್ಕೋದಿಂದ

ಸರ್, ದೊಡ್ಡವರು ನೀವು, ಆದರೂ ಹೇಳ್ತೇನೆ. ವಿಶ್ವೇಶ್ವರಯ್ಯನವರು ಕೋಟಿನ ಮೇಲೆ ಮೈಸೂರು ಪೇಟ ಇಡುತ್ತಿದ್ದರು. ಆ ಪೇಟ ಇಟ್ಟುಕೊಂಡು ಇವತ್ತು ಒಬ್ಬ ಹುಡುಗ ಇಂಟರ್‌ವ್ಯೂಗೆ ಬಂದರೆ ನಿಮ್ಮವರು ಒಳಗೆ ಬಿಡ್ತಾರಾ? 2010ರಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಭೋಪಾಲದ ಘಟಿಕೋತ್ಸವದ ವೇದಿಕೆಯ ಮೇಲೇ ಗೌನ್ ಕಳಚಿಟ್ಟರು, ವಸಾಹತುಶಾಹಿಯ ಉಳಿಕೆ ಇದು ಅಂತ. ಗೌನಿಗೆ ಒಂದು ನ್ಯಾಯ, ಕೋಟಿಗೆ ಇನ್ನೊಂದಾ?

ನಾನು ಗೋವಾದಲ್ಲಿ ಹುಟ್ಟಿ ಬೆಳೆದವನು, ಅಪ್ಪ ಬಂದರಿನಲ್ಲಿ ಕೆಲಸಕ್ಕೆ ಗದಗಿನಿಂದ ಬಂದವರು. ಸಾಂಖಳಿಯ ಕಾಲೇಜಿಗೆ ಇಂಟರ್‌ವ್ಯೂಗೆ ವಾಸ್ಕೋದಿಂದ ಪಣಜಿಗೆ ಒಂದು ಬಸ್ಸು, ಅಲ್ಲಿಂದ ಡಿಚೋಲಿ ಮೇಲೆ ಇನ್ನೊಂದು. ಕೋಟು ತೊಟ್ಟಿಲು ಮಗುವಿನ ಹಾಗೆ ತೋಳ ಮೇಲೆ. ನಮ್ಮ ಸಮುದ್ರ ತೀರದ ಸೆಖೆಗೆ ಉಣ್ಣೆ ಬಟ್ಟೆ ಯಾಕೆ ಬೇಕು, ಯಾರಾದರೂ ಹೇಳಿ. ನಾನು ಬಂದ್‌ಗಲಾ, ಅಂದ್ರೆ ಕತ್ತು ಮುಚ್ಚೋ ನಮ್ಮ ಕೋಟು, ಹೊಲಿಸಬೇಕಿತ್ತು ಅಂತ ಇವತ್ತಿಗೂ ಅನಿಸ್ತದೆ.

ನಿವೃತ್ತ ಪ್ರಾಧ್ಯಾಪಕ, ಪುಣೆ

ಬಂದ್‌ಗಲಾ ಹಾಕಿ ಬನ್ನಿ, ನಾನು ಸಂತೋಷದಿಂದ ಸಂದರ್ಶಿಸುತ್ತಿದ್ದೆ. ಆದರೆ ಅದನ್ನು ಕತ್ತಿನವರೆಗೆ ಮುಚ್ಚಿಯೇ ಇರಬೇಕು, ಸೆಖೆಗೆ ಬಿಚ್ಚುವ ಹಾಗಿಲ್ಲ. ನಿಮ್ಮ ವಾದ ನಿಮ್ಮನ್ನೇ ಸುಡುತ್ತದೆ.

ವಾಸ್ಕೋದಿಂದ

ನನ್ನ ಮಾತು ಗುಂಡಿಯದ್ದಲ್ಲ ಸರ್. ಯಾರ ಉಡುಪನ್ನು ಗೌರವ ಅಂತೀವಿ ಅನ್ನೋದು.

ಘಾಟ್ಕೋಪರ್ ನಿವಾಸಿ

ಡೊಂಬಿವಲಿ ಅಣ್ಣ, ಒಂದು ಅರ್ಥ ಆಗಲಿಲ್ಲ. 2017ರಲ್ಲಿ ದಾದರಿಗೆ ಯಾಕೆ ಹೋದಿರಿ? ಘಾಟ್ಕೋಪರ್–ವರ್ಸೋವಾ ಮೆಟ್ರೋ 2014ರಲ್ಲೇ ಬಂದಿತ್ತಲ್ಲ. ಘಾಟ್ಕೋಪರಿನಲ್ಲಿ ಇಳಿದು ಎಸಿ ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಒಂದೇ ಸ್ಟೇಷನ್ ಪಾರ್ಲೆ. ಗುಂಡಿ ಉಳೀತಿತ್ತು.

ಡೊಂಬಿವಲಿ ಅಣ್ಣ

ಆ ಹೊತ್ತಿನಲ್ಲಿ ಘಾಟ್ಕೋಪರ್ ಮೆಟ್ರೋ ಸೇತುವೆ ಮೇಲಿನ ಕ್ಯೂ ನೋಡಿದೀರಾ? ಅಲ್ಲೇ ಇದ್ದುಕೊಂಡು ಗೊತ್ತಿಲ್ಲ ಅಂದ್ರೆ ಏನು ಹೇಳೋದು. ದಾದರ್ ನನಗೆ ಗೊತ್ತಿದ್ದ ದಾರಿ. ಇಂಟರ್‌ವ್ಯೂ ದಿನ ಹೊಸ ದಾರಿ ಹಿಡಿಯೋ ಧೈರ್ಯ ಇರಲಿಲ್ಲ.

ಘಾಟ್ಕೋಪರ್ ನಿವಾಸಿ

ದಿನಾ ನಿಲ್ಲೋ ಕ್ಯೂ ಅದು, ಹತ್ತು ನಿಮಿಷ. ಥಾಣೆ ಹುಡುಗನಿಗಾದರೂ ಸರಿಯಾದ ದಾರಿ ಹೇಳೋಣ ಅಂತ ಬರೆದೆ. ತಮ್ಮ, ನೀನು ಮೆಟ್ರೋದಲ್ಲೇ ಹೋಗು. ಕೋಟು ಹ್ಯಾಂಗರ್ ಸಮೇತ ಕವರಿನಲ್ಲಿ ಹಿಡ್ಕೊ, ಕಾಲೇಜಿನ ಗೇಟ್ ಹತ್ರ ಹಾಕ್ಕೊ.

ಥಾಣೆ ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಈಗ ಕೋಟು ತೆಗೆದು ನೋಡಿದೆ. ಹಿಂದೆ ಆ ಬಿಳಿ ದಾರದ ಇಂಟು ಮಾರ್ಕು ಇದೆ! ಜೇಬಿನ ಬಾಯಿಗೂ ಹೊಲಿಗೆ ಹಾಕಿದ್ದಾರೆ. ಎಡ ತೋಳಿನ ಮೇಲೆ ಪಟ್ಟಿನೂ ಇದೆ. ಬ್ಲೇಡಿನಿಂದ ಕತ್ತರಿಸ್ಲಾ?

ಧಾರವಾಡದವ, ಈಗ ಪುಣೆ

ಬ್ಲೇಡ್ ಮುಟ್ಟಬ್ಯಾಡೋ ಮಾರಾಯಾ, ಅರಬಿ ಹರೀತದ. ಸಣ್ಣ ಕತ್ತರಿ ತಗೊಂಡು ದಾರದ ನಡುವ ಕತ್ತರಸು, ಆಮ್ಯಾಲ ಉಗುರಿನಿಂದ ಎಳಿ.

ಪವಾಯಿ ಓದುಗಿ

ಜೇಬಿನ ಹೊಲಿಗೆ ಮಾತ್ರ ಹಾಗೇ ಬಿಡಿ, ಬಿಚ್ಚಿದರೆ ಕೈ ಹಾಕಿ ಹಾಕಿ ಜೋತು ಬೀಳುತ್ತೆ.

ಮುಲುಂಡ್, ಊರು ಕುಂದಾಪುರ

ಜೇಬಿಗೆ ದುಡ್ಡು ಕೊಟ್ಟು ಇಡಿಸಿದವರು ಹೀಗೆ ಹೇಳುವುದಾ? ಬಿಚ್ಚು ತಮ್ಮಾ. ಟೋಕನ್ ಇಡಲಿಕ್ಕೆ ಒಂದಾದರೂ ಬೇಕು, ಬಲಗಡೆಯದ್ದು.